ಕೆಂಪು ಕೋಟಿಗೆ ಕಪ್ಪು ವಾಶ್ ಬೇಡ

1815ರ ವಾಟರ್‌ಲೂ ಯುದ್ಧದ ಬ್ರಿಟಿಷ್ ಸೈನಿಕರ 28 ಮಿ.ಮೀ. ಗೊಂಬೆಗಳಿಗೆ ಕಪ್ಪು ವಾಶ್ (ಮಡಿಕೆಗಳಲ್ಲಿ ಇಳಿದು ನೆರಳು ತೋರಿಸುವ ತೆಳು ಬಣ್ಣ) ಬಳಿದರೆ ಕೆಂಪು ಕೋಟು ಮಸಿ ಹಿಡಿದ ಹಾಗೆ ಕಾಣುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ತೊಂದರೆ ನಿಮ್ಮ ಕೈಯದಲ್ಲ, ಆ ಕಪ್ಪಿನದು. ಕೆಂಪು ಛಾಯೆ ಇರುವ ಕಂದು ವಾಶ್ ತೆಗೆದುಕೊಳ್ಳಿ. ಇಡೀ ಕೋಟಿಗೆ ಬಳಿಯಬೇಡಿ. ತೋಳಿನ ಮಡಿಕೆ, ಕಂಕುಳು, ಬೆಲ್ಟಿನ ಅಂಚು, ಇಷ್ಟಕ್ಕೆ ಸಾಕು. ಎಲ್ಲಾದರೂ ಜಾಸ್ತಿ ನಿಂತರೆ ಒಣಗುವ ಮೊದಲೇ ಒದ್ದೆ ಬ್ರಷ್ಷಿನ ತುದಿಯಿಂದ ಹೀರಿಬಿಡಿ. ತೆಳು ಮಾಡಲು ಬರೀ ನೀರು ಹಾಕಿದರೆ ಒಣಗಿದಾಗ ಅಂಚಿನಲ್ಲಿ ಕಲೆ ಉಳಿಯಬಹುದು. ಮ್ಯಾಟ್ ಮೀಡಿಯಂ (ಬಣ್ಣ ತೆಳು ಮಾಡುವ, ಹೊಳಪಿಲ್ಲದ ದ್ರವ) ಬೆರೆಸಿ ನೋಡಿ.

ಪೂರ್ತಿ ಒಣಗಿದ ಮೇಲೆ ಉಬ್ಬಿದ ಜಾಗಗಳಿಗೆ ಮೊದಲಿನ ಕೆಂಪನ್ನೇ ಮತ್ತೆ ಹಚ್ಚಿ. ಹೈಲೈಟ್‌ಗೆ (ಬೆಳಕು ಬೀಳುವ ಉಬ್ಬುಗಳ ತಿಳಿ ಬಣ್ಣಕ್ಕೆ) ಬಿಳಿ ಬೆರೆಸಿದರೆ ಗುಲಾಬಿ ಆಗಿಬಿಡುತ್ತದೆ, ಅಲ್ವಾ? ಸ್ವಲ್ಪ ಕಿತ್ತಳೆ ಸೇರಿಸಿ.

ಮತ್ತೆ, ದಯವಿಟ್ಟು ಎಲ್ಲರಿಗೂ ಒಂದೇ ಕೆಂಪು ಹಚ್ಚಬೇಡಿ. ಸಾಮಾನ್ಯ ಸೈನಿಕರ ಕೋಟಿಗೆ ಮ್ಯಾಡರ್ ಗಿಡದ ಬೇರಿನ ಬಣ್ಣ. ಅದು ಇಟ್ಟಿಗೆ ಕಡೆಗೆ ವಾಲುವ ಮಂಕು ಕೆಂಪು. ಅಧಿಕಾರಿಗಳದು ಕೊಚಿನೀಲ್ ಹುಳದಿಂದ ತೆಗೆದ, ಕಣ್ಣಿಗೆ ಹೊಡೆಯುವ ಕೆಂಪು. ಇದನ್ನು ತೋರಿಸಿದರೆ ಸಾಲಿನಲ್ಲಿ ಅಧಿಕಾರಿ ತಾನಾಗಿಯೇ ಎದ್ದು ಕಾಣುತ್ತಾನೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟದ ಭಾಗ ಇದೇ.

ಬಿಳಿ ಅಡ್ಡಬೆಲ್ಟು ಕೊನೆಗಿರಲಿ. ಮೊದಲು ತಿಳಿ ಬೂದು, ಅಂಚಿನಲ್ಲಿ ಅದನ್ನು ಚೂರು ಬಿಟ್ಟು ಮೇಲೆ ಬಿಳಿ. ಪಕ್ಕದಲ್ಲಿ ಕಡು ಕಂದು ಗೆರೆ ಎಳೆದರೆ ಮೇಜಿನ ಆಚೆ ಕಡೆಯಿಂದಲೂ ಬೆಲ್ಟು ಸ್ಪಷ್ಟವಾಗಿ ಕಾಣುತ್ತದೆ.