ಚೆನ್ನೈ ಕಡೆ ಗಾಳಿಮಳೆ ಅಂದರೆ ಕೋಲಾರಕ್ಕೂ ಬರುತ್ತದೆಯೇ?

ಪ್ರಶ್ನೆ: ತಮಿಳುನಾಡು ಕರಾವಳಿಯಲ್ಲಿ ಶನಿವಾರ, ಭಾನುವಾರ ಗಾಳಿ ಸಹಿತ ಮಳೆ ಎಂದು ಅಕ್ಟೋಬರ್‌ನಲ್ಲಿ ಮುನ್ಸೂಚನೆ ಬಂದರೆ ನಮ್ಮ ಟೊಮೆಟೊಗೂ ತೊಂದರೆಯೇ? ‘ಒಂದೆರಡು ಕಡೆ ಮಳೆ’ ಎಂದರೆ ಎಷ್ಟು?
– ಓದುಗರು, ಶ್ರೀನಿವಾಸಪುರ

ಉತ್ತರ: ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಎತ್ತ ಸಾಗುತ್ತದೆ ಎಂಬುದನ್ನು ಮೊದಲು ನೋಡಿ. ಚೆನ್ನೈ ಬಳಿ ದಡ ಸೇರಿ ಪಶ್ಚಿಮಕ್ಕೆ ಬಂದರೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೋಡ, ಥಂಡಿ ಗಾಳಿ, ದಿನವಿಡೀ ಜಿನುಗು ಮಳೆ. ಆಂಧ್ರದ ಉತ್ತರಕ್ಕೆ ತಿರುಗಿದರೆ ನಮಗೆ ಹೆಚ್ಚೇನೂ ಸಿಗದೆ ಹೋಗಬಹುದು. ಮೀನುಗಾರರಿಗೆ ಹೇಳುವ ಗಾಳಿಯ ವೇಗ ಸಮುದ್ರದ್ದು. ನೆಲದ ಮೇಲೆ ಅದು ತಗ್ಗುತ್ತದೆ.

‘ಒಂದೆರಡು ಕಡೆ’ ಎಂದರೆ ಮುನ್ಸೂಚನೆ ಕೊಟ್ಟ ಹವಾಮಾನ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ. 25ರವರೆಗೆ ಮಾತ್ರ ಮಳೆ. ಅದು ವ್ಯಾಪ್ತಿಯ ಮಾತು, ಪ್ರಮಾಣದ್ದಲ್ಲ. ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಮೇಲೆ. ದಕ್ಷಿಣ ಒಳನಾಡಿನ ಒಟ್ಟು ಮುನ್ಸೂಚನೆಗಿಂತ ಜಿಲ್ಲಾವಾರು ಮುನ್ಸೂಚನೆಯನ್ನೇ ನಂಬಿ. ಅದನ್ನೂ ದಿನವೂ ನೋಡಬೇಕು.

ಟೊಮೆಟೊಗೆ ಬಿರುಮಳೆಗಿಂತ ಜಿನುಗೇ ಅಪಾಯ. ಎಲೆ ಗಂಟೆಗಟ್ಟಲೆ ಒದ್ದೆಯಿದ್ದು ತಂಪಾದರೆ ಅಂಗಮಾರಿ ರೋಗ ಹಬ್ಬುತ್ತದೆ. ಮಳೆಗೆ ಮುನ್ನ, ಎಲೆ ಒಣಗಿರುವಾಗಲೇ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕವನ್ನು ಅಂಟುದ್ರಾವಣದೊಂದಿಗೆ ಸಿಂಪಡಿಸಿ. ಡ್ರಿಪ್ ನಿಲ್ಲಿಸಿ, ಬಸಿಗಾಲುವೆ ಬಿಡಿಸಿ, ಕೋಲಿಗೆ ಕಟ್ಟಿದ ದಾರ ಬಿಗಿ ಮಾಡಿ. ಬಣ್ಣ ತಿರುಗಿದ ಹಣ್ಣನ್ನು ಮಳೆಗೆ ಮೊದಲೇ ಬಿಡಿಸಿಬಿಡಿ: ಒಣಗಿದ ಬೇರಿಗೆ ಒಮ್ಮೆಲೇ ನೀರು ಸಿಕ್ಕರೆ ಹಣ್ಣು ಸೀಳುತ್ತದೆ. ಒದ್ದೆ ಹಣ್ಣನ್ನು ಕ್ರೇಟಿಗೆ ತುಂಬಿದರೆ ಮಂಡಿ ತಲುಪುವಷ್ಟರಲ್ಲಿ ಕೊಳೆಯಲು ಶುರು.