ತೋಟ ಎಲ್ಲೂ ಹೋಗಲ್ಲ, ಓಟು ಹೋಗುತ್ತೆ

ತಮ್ಮಾ,

ಬ್ಲೂ ಕಾರ್ಡ್ (ಓದಿದವರಿಗೆ ಕೊಡುವ ಕೆಲಸದ ಪರವಾನಗಿ) ಮೇಲೆ ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಎರಡು ತಿಂಗಳಾಯ್ತು, ಆಫೀಸಿನಲ್ಲೆಲ್ಲ ಇಂಗ್ಲಿಷೇ ನಡೆಯುತ್ತೆ, ಹಾಗಿದ್ದಮೇಲೆ ಜರ್ಮನ್ ಎಷ್ಟು ಕಲಿಯಬೇಕು ಅಂತ ಕೇಳಿದ್ದೀಯ. ಅದರ ಬೆನ್ನಿಗೇ, ಮುಂದೆ ಇಲ್ಲಿಯ ಪೌರತ್ವ ತಗೊಂಡರೆ ಮೂಡಿಗೆರೆ ಹತ್ತಿರದ ಅಪ್ಪನ ಕಾಫಿ ತೋಟ ಕೈಬಿಟ್ಟು ಹೋಗುತ್ತಾ, ಊರಿನ ಓಟಿನ ಗತಿ ಏನು ಅಂತಲೂ ಕೇಳಿದ್ದೀಯ. ಬಾಡಿಗೆ ಮನೆ, ಊಟದ ಮಾತು ಬೇಗ ಮುಗಿಸ್ತೀನಿ. ಮನೆ ಸಿಗೋದು ಕಷ್ಟ, ಸಿಕ್ಕಮೇಲೆ ಎರಡು ವಾರದೊಳಗೆ ಅನ್ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸು, ಅದಕ್ಕೆ ಮಾಲೀಕರ ಸಹಿ ಇರುವ ಪತ್ರ ಮರೀದೆ ಇಸ್ಕೊ. ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ.

ಮೊದಲು ತೋಟ. ನಮ್ಮ ಸಕಲೇಶಪುರ, ಮೂಡಿಗೆರೆ ಕಡೆಯವರು ನಿದ್ದೆಗೆಡೋದು ಇದಕ್ಕೇ. ಪಾಸ್‌ಪೋರ್ಟ್ ಬದಲಾದರೆ ಜಮೀನು ಸರ್ಕಾರಕ್ಕೆ ಹೋಗುತ್ತೆ ಅನ್ನೋದು ಸುಳ್ಳು. ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ನಿಯಮ ನೋಡೋದು ನೀನು ಎಲ್ಲಿ ವಾಸ ಮಾಡ್ತೀಯ ಅನ್ನೋದನ್ನ. ಕೆಲಸಕ್ಕೆ ಅಂತ ದೇಶ ಬಿಟ್ಟ ನೀನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅನಿವಾಸಿ ಆಗಿದ್ದೀಯ. ಅನಿವಾಸಿಗೂ, ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡಿನವನಿಗೂ ಕಟ್ಟುಪಾಡು ಒಂದೇ: ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ವಾರಸುದಾರನಾಗಿ ಪಡೆಯಬಹುದು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತಾಯ್ತಲ್ಲ, ಅದರಿಂದ ನಮಗೂ ದಾರಿ ತೆರೆಯಿತು ಅಂತ ಕೆಲವರು ಮುಂಗಡ ಕೊಟ್ಟು ಕೂತಿದ್ದಾರೆ. ಅದು ರಾಜ್ಯದ ಕಾಯ್ದೆ, ಫೆಮಾ ಕೇಂದ್ರದ್ದು. ರಾಜ್ಯ ಬಾಗಿಲು ತೆಗೆದರೂ ಕೇಂದ್ರದ ಬಾಗಿಲು ಹಾಕಿಯೇ ಇದೆ.

ಎಡವಟ್ಟಾಗೋದು ದಾನಪತ್ರದಲ್ಲಿ. ಮನೆಯವರೊಳಗೆ ಮುದ್ರಾಂಕ ಶುಲ್ಕ ಕಡಿಮೆ ಅಂತ ಅಪ್ಪಂದಿರು, ಮಗ ರಜೆಗೆ ಬಂದಾಗ, ತೋಟದ ಒಂದು ಭಾಗ ಅವನ ಹೆಸರಿಗೆ ದಾನಪತ್ರ ಮಾಡಿಬಿಡ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯೂ ಆಗಿಹೋಗಬಹುದು. ಮುಂದೆ ಮಾರಲು ಹೊರಟಾಗ, ಹಣ ಇತ್ತ ತರಿಸಲು ಹೊರಟಾಗ ತೊಡಕು ಎದುರಾಗುತ್ತೆ. ಅಪ್ಪನಿಗೆ ಹೇಳಿ ಉಯಿಲು ಬರೆಸು. ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸೋದು ಒಳ್ಳೇದು. ಪಿತ್ರಾರ್ಜಿತವಾದರೆ ಅಪ್ಪ ತನ್ನ ಪಾಲಿಗಷ್ಟೇ ಉಯಿಲು ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಅಕ್ಕತಂಗಿಯರ ಪಾಲೂ ಸಮ, ಅದನ್ನು ಪಕ್ಕಕ್ಕಿಟ್ಟು ಬರೆಸಿದ ಕಾಗದ ನಿಲ್ಲಲ್ಲ. ಕಾಲ ಬಂದಾಗ ಪೌತಿ ಖಾತೆಗೆ ಅರ್ಜಿ ಕೊಟ್ಟು ಪಹಣಿಗೆ ಹೆಸರು ಏರಿಸಿಕೊಂಡರಾಯ್ತು. ಹಾಗೆ ಬಂದ ತೋಟವನ್ನು ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತೀಯನಿಗೆ ಮಾತ್ರ ಮಾರಬೇಕು, ಇಲ್ಲಿರುವ ನಮ್ಮವರಿಗೆ ಕೊಡುವ ಹಾಗಿಲ್ಲ.

ಇನ್ನು ಭಾಷೆ. ಬ್ಲೂ ಕಾರ್ಡಿಗೆ ಜರ್ಮನ್ ಕೇಳಲ್ಲ, ಅದಕ್ಕೇ ಎಲ್ಲರೂ ಮುಂದೂಡೋದು. ಲೆಕ್ಕ ನೋಡು. ಭಾಷೆಯ ಮಟ್ಟ ಎ1ರಿಂದ ಶುರು, ಆಮೇಲೆ ಎ2, ಬಿ1, ಬಿ2, ಸಿ1 ಅಂತ ಮೇಲೇರುತ್ತೆ. ಎ1 ಇದ್ದರೆ 27 ತಿಂಗಳಿಗೆ ಶಾಶ್ವತ ವಾಸದ ಪರವಾನಗಿ, ಬಿ1 ಇದ್ದರೆ 21 ತಿಂಗಳಿಗೇ. ಪೌರತ್ವಕ್ಕೆ ಬಿ1 ಬೇಕೇಬೇಕು. ನಮ್ಮೂರಿನಿಂದ ಬರುವ ನರ್ಸ್ ಹೆಣ್ಣುಮಕ್ಕಳಿಗೆ ಬಿ2 ಇಲ್ಲದೆ ನೋಂದಣಿಯೇ ಆಗಲ್ಲ, ಅವರ ಮುಂದೆ ನಮ್ಮದು ಹಗುರವಾದ ಹೊರೆ.

ಗ್ಯೋಥೆ ಸಂಸ್ಥೆ ನಡೆಸುವ ಬಿ1 ಜರ್ಮನ್ ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ, ಒಂದೊಂದರಲ್ಲೂ 100ಕ್ಕೆ 60 ಬರಬೇಕು. ಬಿದ್ದ ಭಾಗ ಒಂದನ್ನೇ ಮತ್ತೆ ಬರೆಯಬಹುದು. ಬರವಣಿಗೆಗೆ ಒಂದು ಗಂಟೆ: 80 ಪದದ ಮೇಲ್, 80 ಪದದ ಅಭಿಪ್ರಾಯ, ಕೊನೆಗೆ 40 ಪದದ ಔಪಚಾರಿಕ ಮೇಲ್. ಮೂರನೆಯದರಲ್ಲಿ ‘ಝೀ’ (ನೀವು) ಹಾಕಬೇಕಾದ ಕಡೆ ‘ದು’ (ನೀನು) ಹಾಕಿ ಅಂಕ ಕಳೆದುಕೊಳ್ಳೋರು ಬಹಳ. ಊರಲ್ಲಿ ಮೇಷ್ಟ್ರಿಗೆ ಏಕವಚನದಲ್ಲಿ ಬರೀತೀವಾ? ಅದೇ ಎಚ್ಚರ ಇಲ್ಲೂ ಇರಲಿ. ಮಾತಿನ ಪರೀಕ್ಷೆ ಇಬ್ಬರನ್ನು ಕೂರಿಸಿ, ಸುಮಾರು 15 ನಿಮಿಷ. ಮೊದಲು ಇಬ್ಬರೂ ಸೇರಿ ಏನಾದರೊಂದು ಯೋಜನೆ ಹಾಕಬೇಕು, ಆಸ್ಪತ್ರೆಯಲ್ಲಿರುವ ಗೆಳೆಯನನ್ನು ನೋಡಲು ಹೋಗೋದು, ಆ ಥರದ್ದು. ಬಾಯಿಪಾಠ ಮಾಡಿಕೊಂಡು ಬಂದವರು ಎದುರಿನವನ ಸಲಹೆ ಕೇಳಿಸಿಕೊಳ್ಳದೆ ತಮ್ಮ ವಾಕ್ಯ ಒಪ್ಪಿಸ್ತಾರೆ, ಅಲ್ಲೇ ಸಿಕ್ಕಿಬೀಳೋದು. ಅವನು ‘ಶನಿವಾರ ಆಗಲ್ಲ’ ಅಂದರೆ ‘ಹಾಗಾದರೆ ಭಾನುವಾರ?’ ಅನ್ನು, ಪರೀಕ್ಷಕರು ಕಾಯೋದು ಅದಕ್ಕೇ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರೋದು ಕನ್ನಡದವರಿಗೆ ಹೊಸತಲ್ಲ. ಕಾಡೋದು ನಾಮಪದದ ಲಿಂಗ ತೋರಿಸುವ ದೆರ್, ದೀ, ದಾಸ್. ನಾಮಪದವನ್ನು ಮೊದಲ ದಿನದಿಂದ ಅದರ ಜೊತೆಗೇ ಕಲಿ.

ವಾರದಲ್ಲಿ ಎರಡು ಸಂಜೆ ಫೋಕ್ಸ್‌ಹೋಖ್‌ಶೂಲೆಯ (ದೊಡ್ಡವರಿಗೆ ಕಲಿಸುವ ಸಾರ್ವಜನಿಕ ಶಿಕ್ಷಣ ಕೇಂದ್ರ) ತರಗತಿ ಹಿಡಿ. ಆಫೀಸಿನ ಇಂಗ್ಲಿಷ್ ಆಫೀಸಿನ ಗೇಟಿನವರೆಗೆ ಮಾತ್ರ. ಮಗುವಿನ ಶಾಲೆ, ಡಾಕ್ಟರು, ತೆರಿಗೆ ಕಾಗದ, ಮನೆ ಖಾಲಿ ಮಾಡಿ ಅನ್ನೋ ನೋಟಿಸು ಎಲ್ಲ ಜರ್ಮನ್‌ನಲ್ಲೇ ಬರುತ್ತೆ.

ಪೌರತ್ವದ ಬಗ್ಗೆ ಹಳೆಯ ವಿಡಿಯೊ ನಂಬಬೇಡ. ನಾನು ಬಂದ ಕಾಲಕ್ಕೆ ಎಂಟು ವರ್ಷ ಕಾಯಬೇಕಿತ್ತು, ಹಳೆಯ ಪೌರತ್ವ ಬಿಟ್ಟು ಬಾ ಅಂತ ಜರ್ಮನಿಯೇ ಕೇಳುತ್ತಿತ್ತು. 2024ರ ಜೂನ್ 27ರಿಂದ ಐದು ವರ್ಷ ಸಾಕು, ಬಿಡು ಅಂತಲೂ ಕೇಳಲ್ಲ. ಸಿ1 ಮಟ್ಟದ ಭಾಷೆ ಮತ್ತಿತರ ವಿಶೇಷ ಸಾಧನೆ ಇದ್ದವರಿಗೆ ಮೂರೇ ವರ್ಷ ಅಂತಿದ್ದ ದಾರಿಯನ್ನು 2025ರ ಅಕ್ಟೋಬರಿನಲ್ಲಿ ಮುಚ್ಚಿದರು. ಜೊತೆಗೆ ಇಲ್ಲಿಯ ಕಾನೂನು, ಸಮಾಜದ ಬಗ್ಗೆ 33 ಪ್ರಶ್ನೆಗಳ ಒಂದು ಪರೀಕ್ಷೆ, 17 ಸರಿಯಾದರೆ ಪಾಸು, ಶುಲ್ಕ 25 ಯೂರೊ. ಪ್ರಶ್ನೆಗಳು ಮೊದಲೇ ಪ್ರಕಟವಾಗಿವೆ, ಓದಿಕೊಂಡು ಹೋದರೆ ಭಯವಿಲ್ಲ. ಅರ್ಜಿಗೆ 255 ಯೂರೊ. ಸರ್ಕಾರದ ನೆರವಿನ ಹಣ ಇಲ್ಲದೆ ನಿನ್ನ ಸಂಸಾರ ನಡೆಯುತ್ತಿರಬೇಕು. ಶಾಶ್ವತ ಪರವಾನಗಿ ಆಮೇಲೇ ಪೌರತ್ವ ಅಂತೇನಿಲ್ಲ, ಬ್ಲೂ ಕಾರ್ಡಿನಿಂದಲೂ ನೇರ ಅರ್ಜಿ ಹಾಕಬಹುದು.

ಈಗ ಹೇಳೋದನ್ನ ಎರಡು ಸಲ ಓದು. ಜರ್ಮನಿ ಎರಡು ಪೌರತ್ವ ಒಪ್ಪಿದರೂ ಭಾರತ ಒಪ್ಪಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣಕ್ಕೇ ಭಾರತದ್ದು ಹೋಗುತ್ತೆ. ಆ ಕ್ಷಣ ಯಾವುದು ಅಂದರೆ, ಕಚೇರಿಯಲ್ಲಿ ನಿಂತು ಸಂವಿಧಾನಕ್ಕೆ ಬದ್ಧ ಅಂತ ಜರ್ಮನ್‌ನಲ್ಲಿ ಗಟ್ಟಿಯಾಗಿ ಹೇಳಿ, ಊರ್ಕುಂಡೆ ಅನ್ನೋ ಪ್ರಮಾಣಪತ್ರ ಕೈಗೆ ತಗೊಳ್ಳೋ ಗಳಿಗೆ. ಅಂದಿನಿಂದ ನಿನ್ನ ಜೇಬಿನಲ್ಲಿರುವ ನೀಲಿ ಪಾಸ್‌ಪೋರ್ಟ್ ಬಳಸುವಂತಿಲ್ಲ, ಅದರ ಮೇಲೆ ಊರಿಗೆ ಹೋಗಿ ಬರೋದು ಅಪರಾಧ. ಜರ್ಮನ್ ಪಾಸ್‌ಪೋರ್ಟ್ ಬರೋಕೆ ವಾರಗಳು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆಯೋಕೆ ಮತ್ತೆ ಸಮಯ, ಅದಾದ ಮೇಲೆ 275 ಡಾಲರಿಗೆ ಸಮನಾದ ಶುಲ್ಕ ಕಟ್ಟಿ ಓಸಿಐ ಅರ್ಜಿ. ಈ ನಡುವೆ ಊರಿಂದ ‘ಅಮ್ಮನ್ನ ಹಾಸನಕ್ಕೆ ಸೇರಿಸಿದ್ದೀವಿ, ಹೊರಡು’ ಅಂತ ಫೋನ್ ಬಂದರೆ ನೀನು ಕೂಡಲೇ ಹೊರಡೋದು ಕಷ್ಟ. ಎಷ್ಟೋ ಮನೆಗಳಲ್ಲಿ ಇದು ಮಾಯದ ಗಾಯ. ಅದಕ್ಕೇ ಊರ್ಕುಂಡೆ ತಗೊಳ್ಳೋ ದಿನವನ್ನು ಊರಿಗೆ ಹೋಗಿ ಬಂದ ಮೇಲಕ್ಕೆ ಇಟ್ಟುಕೊ. ಅದೇ ದಿನ 70 ಯೂರೊ ಪಾಸ್‌ಪೋರ್ಟಿಗೆ ಇನ್ನೂ 32 ಯೂರೊ ಸೇರಿಸಿ ಎಕ್ಸ್‌ಪ್ರೆಸ್‌ಗೆ ಕೊಡು, ಕೆಲವೇ ದಿನಗಳಲ್ಲಿ ಬರುತ್ತೆ. ಬಂದ ಕೂಡಲೇ ಸರೆಂಡರ್ ಮಾಡು, ಅದಿಲ್ಲದೆ ಮುಂದಿನ ಯಾವ ಕಾಗದವೂ ಸಲೀಸಾಗಿ ನಡೆಯಲ್ಲ. ಸರೆಂಡರಿಗೆ ಮುಂಚೆ ಹಳೆಯ ಪಾಸ್‌ಪೋರ್ಟಿನ ಎಲ್ಲ ಪುಟ ಸ್ಕ್ಯಾನ್ ಮಾಡಿಟ್ಟುಕೊ.

ಕೊನೆಗೆ ಓಟು. ಇಂದಿರಾ ಗಾಂಧಿಯವರನ್ನು 1978ರ ಉಪಚುನಾವಣೆಯಲ್ಲಿ ಗೆಲ್ಲಿಸಿ ಕಳಿಸಿದ ಚಿಕ್ಕಮಗಳೂರಿನವನು ನೀನು, ಓಟಿನ ಬೆಲೆ ನಾನು ಹೇಳಬೇಕಿಲ್ಲ. ಓಸಿಐ ಕಾರ್ಡಿಗೆ ಭಾರತದಲ್ಲಿ ಓಟಿಲ್ಲ. ಇಲ್ಲಿ ಪೌರತ್ವ ಬರುವವರೆಗೆ ನಗರಸಭೆಗೂ ಓಟಿಲ್ಲ. ಮೊನ್ನೆ ಮೊನ್ನೆ ಬಂದ ಇಟಲಿಯ ಸಹೋದ್ಯೋಗಿ ನಗರಸಭೆಗೆ ಓಟು ಹಾಕ್ತಾನೆ, ಯುರೋಪ್ ಒಕ್ಕೂಟದವರಿಗೆ ಆ ಹಕ್ಕಿದೆ. ಉಳಿದ ವಿದೇಶಿಯರಿಗೂ ಕೊಡೋಣ ಅಂತ ಎರಡು ರಾಜ್ಯಗಳು ಹೊರಟಾಗ ಇಲ್ಲಿಯ ಸಂವಿಧಾನ ನ್ಯಾಯಾಲಯ 1990ರ ಅಕ್ಟೋಬರ್ 31ರಂದು ಅದನ್ನು ತಳ್ಳಿಹಾಕಿತು. ತೆರಿಗೆ ಕಟ್ಟುತ್ತಾ, ಎರಡೂ ಕಡೆ ಓಟಿಲ್ಲದೆ ಕಳೆದ ವರ್ಷಗಳ ಬೇಸರ ನನ್ನಲ್ಲಿ ಇವತ್ತಿಗೂ ಇದೆ.

ಪೌರತ್ವ ಬಂದಮೇಲೆ ಮಾತ್ರ ಇಲ್ಲಿಯ ವ್ಯವಸ್ಥೆ ಮೆಚ್ಚಬೇಕು. ಪಟ್ಟಿಗೆ ಸೇರಿಸಿ ಅಂತ ಅರ್ಜಿ ಕೊಡೋದೇ ಬೇಡ, ಅನ್ಮೆಲ್ಡುಂಗ್ ನೋಡಿ ಓಟಿನ ಚೀಟಿ ಅಂಚೆಯಲ್ಲಿ ಮನೆಗೇ ಬರುತ್ತೆ. ಅಂಚೆ ಮತವೂ ಇದೆ. ಸ್ಟುಟ್‌ಗಾರ್ಟ್ ನಗರಸಭೆಗೆ 60 ಸ್ಥಾನ, ಒಬ್ಬ ಮತದಾರನಿಗೆ 60 ಓಟು, ಒಬ್ಬ ಅಭ್ಯರ್ಥಿಗೆ ಹೆಚ್ಚೆಂದರೆ ಮೂರು. ಉದ್ದದ ಹಾಳೆಗಳನ್ನು ಮನೆಯಲ್ಲಿ ಮೇಜಿನ ಮೇಲೆ ಹರಡಿಕೊಂಡು ಲೆಕ್ಕ ಹಾಕಬೇಕು. 60 ದಾಟಿದರೆ ಹಾಳೆಯೇ ಅಸಿಂಧು.

ಅಲ್ಲಿಯವರೆಗೆ ನಿನಗೊಂದು ದಾರಿ ಇದೆ. 2011ರಿಂದ ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ, ನಮೂನೆ 6ಎ ತುಂಬಿ ಸಾಗರೋತ್ತರ ಮತದಾರನಾಗಬಹುದು. ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಫೋಟೊ, ಪಾಸ್‌ಪೋರ್ಟಿನ ಪುಟಗಳು, ವೀಸಾ ಪುಟ ಹಾಕಿ ಕಳಿಸು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದು ವಿಚಾರಿಸ್ತಾರೆ, ಅಪ್ಪನಿಗೆ ಮೊದಲೇ ಹೇಳಿರು. ಹಳೆಯ ಗುರುತಿನ ಚೀಟಿ ಇದೆಯಲ್ಲ ಅಂತ ಸುಮ್ಮನಿರಬೇಡ, ಊರಲ್ಲಿ ವಾಸವಿಲ್ಲ ಅಂತ ಆ ಹೆಸರು ತೆಗೆದುಹಾಕಬಹುದು. ಸಾಗರೋತ್ತರ ಮತದಾರನಿಗೆ ಗುರುತಿನ ಚೀಟಿ ಕೊಡಲ್ಲ, ಮತಗಟ್ಟೆಯಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಅಂಚೆ ಮತ ಇಲ್ಲ, ಬದಲಿ ಮತ ಇಲ್ಲ, ನೀನೇ ಹೋಗಬೇಕು. ಕಳೆದ ವಿಧಾನಸಭೆ ಚುನಾವಣೆ 2023ರ ಮೇ 10ಕ್ಕೆ ಇತ್ತು, ಮುಂದಿನದು 2028ಕ್ಕೆ ಬರುತ್ತೆ. ಆ ಬೇಸಿಗೆಗೆ ಈಗಲೇ ರಜೆ ಯೋಚಿಸು.

ಇವತ್ತೇ ಮಾಡಬೇಕಾದ್ದು ಒಂದಿದೆ: ಪಾಸ್‌ಪೋರ್ಟಿನ ಕೊನೆಯ ಪುಟದ ವಿಳಾಸ ನೋಡು. 6ಎಯಲ್ಲಿ ನಿನ್ನನ್ನು ಸೇರಿಸೋದು ಆ ವಿಳಾಸದ ಕ್ಷೇತ್ರಕ್ಕೆ. ನಮ್ಮ ಹುಡುಗರಲ್ಲಿ ಬಹಳ ಜನ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿಯ ಬಾಡಿಗೆ ಮನೆಯ ವಿಳಾಸ ಕೊಟ್ಟೇ ಪಾಸ್‌ಪೋರ್ಟ್ ಮಾಡಿಸಿರ್ತಾರೆ. ಹಾಗಿದ್ದರೆ ಮೂಡಿಗೆರೆಯ ಓಟು ನಿನಗೆ ಸಿಗಲ್ಲ. ಮುಂದಿನ ಸಲ ಊರಿಗೆ ಹೋದಾಗ ಪಾಸ್‌ಪೋರ್ಟನ್ನು ಊರಿನ ವಿಳಾಸಕ್ಕೆ ಮರುವಿತರಣೆ ಮಾಡಿಸಿಕೊಳ್ಳೋಕೆ ಆಗುತ್ತಾ ನೋಡು, ಆಮೇಲೆ 6ಎ ತುಂಬು.