ಬೋರ್ ಮಾದರಿ ತಪ್ಪು ಅಂದಮೇಲೆ ಅದನ್ನು ಯಾಕೆ ಓದಬೇಕು?

ಥಾಮ್ಸನ್, ರುದರ್‌ಫರ್ಡ್, ಬೋರ್ ಮೂವರ ಪರಮಾಣು ಮಾದರಿಯೂ ತಪ್ಪು ಅಂತ ಪುಸ್ತಕವೇ ಹೇಳುವಾಗ, ಅವನ್ನು ಬಿಟ್ಟು ನೇರ ಆರ್ಬಿಟಲ್ (ಎಲೆಕ್ಟ್ರಾನ್ ಎಲ್ಲೆಲ್ಲಿ ಸಿಗುವ ಸಂಭವ ಎಷ್ಟು ಅಂತ ತೋರಿಸುವ ಈಗಿನ ಚಿತ್ರಣ) ಓದಿದರೆ ಸಾಕಾ ಎಂದು ಕೇಳಿದ್ದೀರಿ. ಎಂ.ಎಸ್ಸಿ. ಓದುವಾಗ ನಾನೂ ಹೀಗೇ ಲೆಕ್ಕ ಹಾಕಿದ್ದೆ. ದಾವಣಗೆರೆಯಲ್ಲಿ ಕೈಗೆ ಬರಬೇಕಿದ್ದ ಕೆಲಸ ಅದರಿಂದಲೇ ತಪ್ಪಿತು.

ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ ಹುದ್ದೆಗೆ ಡೆಮೊ ಕ್ಲಾಸ್ ಇತ್ತು. ಪರಮಾಣು ರಚನೆಯನ್ನೇ ಕೊಟ್ಟರು. ಬೋರ್ಡಿನ ಮೇಲೆ ನ್ಯೂಕ್ಲಿಯಸ್, ಸುತ್ತ ಒಂದು ವೃತ್ತ, ಎಲೆಕ್ಟ್ರಾನಿನಿಂದ ಒಳಕ್ಕೊಂದು ಬಾಣ ಬರೆದೆ. ಹಿಂದಿನ ಬೆಂಚಿನಲ್ಲಿದ್ದ ಹಿರಿಯ ಮೇಷ್ಟ್ರು, “ಎಲೆಕ್ಟ್ರಾನ್ ನ್ಯೂಕ್ಲಿಯಸ್ ಒಳಗೆ ಯಾಕೆ ಬೀಳಲ್ಲಮ್ಮ?” ಅಂದರು. “ಆಕರ್ಷಣೆಯೇ ಕೇಂದ್ರಾಭಿಮುಖ ಬಲ ಆಗುತ್ತೆ ಸರ್, ಅದಕ್ಕೇ ಸುತ್ತುತ್ತಲೇ ಇರುತ್ತೆ” ಅಂದೆ. “ಅದು ರುದರ್‌ಫರ್ಡ್ ಪರಮಾಣುವಿಗೂ ಹೊಂದುತ್ತಲ್ಲ? ಹಾಗಾದ್ರೆ ಬೋರ್ ಮಾಡಿದ್ದೇನು?” ಬಾಯಿ ಕಟ್ಟಿಹೋಯಿತು.

ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಕ್ಕಳು ಈಗಲೂ ಇದೇ ಉತ್ತರ ಬರೆಯುತ್ತಾರೆ. ಬಲಗಳ ಲೆಕ್ಕದಿಂದ ಸಿಗುವುದು ಇಷ್ಟೇ: ಯಾವ ದೂರದಲ್ಲಾದರೂ ಸರಿ, ತಕ್ಕ ವೇಗವಿದ್ದರೆ ಎಲೆಕ್ಟ್ರಾನ್ ಸುತ್ತಬಹುದು. ಆದರೆ ವೃತ್ತದಲ್ಲಿ ಸುತ್ತುವುದೆಂದರೆ ಪ್ರತಿ ಕ್ಷಣ ದಿಕ್ಕು ಬದಲಾಗುವುದು, ಅಂದರೆ ವೇಗೋತ್ಕರ್ಷ. ಮ್ಯಾಕ್ಸ್‌ವೆಲ್ ವಿದ್ಯುತ್ಕಾಂತ ಸಿದ್ಧಾಂತದ ಪ್ರಕಾರ ವೇಗೋತ್ಕರ್ಷದಲ್ಲಿರುವ ವಿದ್ಯುದಾವೇಶ ವಿಕಿರಣ ಸೂಸಲೇಬೇಕು. ಸೂಸಿದಷ್ಟೂ ಶಕ್ತಿ ಕರಗುತ್ತೆ, ಕಕ್ಷೆ ಕಿರಿದಾಗುತ್ತೆ, ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಎಲೆಕ್ಟ್ರಾನ್ ನ್ಯೂಕ್ಲಿಯಸ್ ಸೇರಿಬಿಡುತ್ತೆ. 1904ರ ಥಾಮ್ಸನ್ ಮಾದರಿಯಲ್ಲಿ ಧನಾವೇಶ ಇಡೀ ಗೋಳಕ್ಕೆ ಹರಡಿತ್ತು, ಹೋಗಿ ಬೀಳಲು ಪುಟ್ಟ ಕೇಂದ್ರವೇ ಇರಲಿಲ್ಲ. ಗೈಗರ್ ಮತ್ತು ಮಾರ್ಸ್‌ಡೆನ್ 1909ರಲ್ಲಿ ಲೋಹದ ಹಾಳೆಯಿಂದ ಧನಾವೇಶವಿರುವ ಕೆಲವು ಆಲ್ಫಾ ಕಣಗಳು ಹಿಂದಕ್ಕೆ ಪುಟಿಯುವುದನ್ನು ಕಂಡರು. ಅದನ್ನು ವಿವರಿಸಲು ರುದರ್‌ಫರ್ಡ್ 1911ರಲ್ಲಿ ಧನಾವೇಶವನ್ನೆಲ್ಲ ನಡುವೆ ಒಟ್ಟುಗೂಡಿಸಿದ ಮೇಲೆಯೇ ಈ ಸಂಕಟ ಶುರುವಾಗಿದ್ದು.

1913ರಲ್ಲಿ ಬೋರ್ ಇದಕ್ಕೆ ಕಾರಣ ಕೊಡಲಿಲ್ಲ, ನಿಯಮ ಹಾಕಿದರು. ಕೋನೀಯ ಸಂವೇಗವು (ಸುತ್ತುವ ಚಲನೆಯ ಅಳತೆ) h/2πನ (h ಅಂದರೆ ಪ್ಲಾಂಕ್ ಸ್ಥಿರಾಂಕ) ಒಂದು, ಎರಡು, ಮೂರು ಹೀಗೆ ಪೂರ್ಣಾಂಕದಷ್ಟು ಪಟ್ಟಿರುವ ಕಕ್ಷೆಗಳಲ್ಲಿ ವಿಕಿರಣವೇ ಇಲ್ಲ, ಕಕ್ಷೆ ಬದಲಿಸುವಾಗ ಮಾತ್ರ ಬೆಳಕು. ಎಂಥ ಧೈರ್ಯ ನೋಡಿ! ಆ ಧೈರ್ಯದ ಹಿಂದೆ ಬಾಲ್ಮರ್ ಇದ್ದರು. ಸ್ವಿಟ್ಜರ್ಲೆಂಡಿನ ಈ ಶಾಲಾ ಮೇಷ್ಟ್ರು 1885ರಲ್ಲೇ ಹೈಡ್ರೋಜನ್ನಿನ ನಾಲ್ಕು ವರ್ಣರೇಖೆಗಳಿಗೆ ಸೂತ್ರ ಹೊಂದಿಸಿದ್ದರು. ಆ ಸೂತ್ರ ಯಾಕೆ ಸರಿ ಅಂತ ಬೋರ್ ಅವರ ನಿಯಮದಿಂದ ತಾನಾಗಿ ಹೊರಬಿತ್ತು.

ಹಾಗಾಗಿ “ತಪ್ಪು ಮಾದರಿ, ಬಿಡೋಣ” ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಯಾವ ಪೆಟ್ಟಿನಿಂದ ಯಾವ ಮಾದರಿ ಮುರಿಯಿತು ಅಂತ ತಿಳಿಯದೆ ಆರ್ಬಿಟಲ್ ಚಿತ್ರ ಬಾಯಿಪಾಠ ಮಾಡಿದವರು ನಾನು ನಿಂತ ಜಾಗದಲ್ಲೇ ಬಂದು ನಿಲ್ಲುತ್ತಾರೆ. ಆರ್ಬಿಟಲ್‌ಗಳನ್ನು ಕೊಡುವ 1926ರ ಶ್ರೋಡಿಂಗರ್ ಸಮೀಕರಣವೂ ಹೈಡ್ರೋಜನ್ನಿನ n-ನೇ ಮಟ್ಟದ ಶಕ್ತಿಗೆ ಬೋರ್ ಕೊಟ್ಟ ಅದೇ −13.6/n² ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಲೆಕ್ಕದಲ್ಲಿ ಬಳಸುವ ಶಕ್ತಿಯ ಮಾನ) ಕೊಡುತ್ತೆ. ಆದರೆ ಅತಿ ಕೆಳಗಿನ ಮಟ್ಟದಲ್ಲಿ ಕಕ್ಷೀಯ ಕೋನೀಯ ಸಂವೇಗ ಸೊನ್ನೆ! “ಸುತ್ತುತ್ತೆ, ಅದಕ್ಕೇ ಬೀಳಲ್ಲ” ಅನ್ನುವ ನನ್ನ ಉತ್ತರಕ್ಕೆ ಅಲ್ಲಿ ನೆಲೆಯೇ ಇಲ್ಲ.

ಈಗ ಚಿತ್ರದುರ್ಗದಲ್ಲಿ ಪಾಠ ಮಾಡುತ್ತೇನೆ. ಬಲದ ಸಮೀಕರಣ ಒಂದು, ಕೋನೀಯ ಸಂವೇಗದ್ದು ಒಂದು, ಇವೆರಡರಿಂದ 0.529 ಆಂಗ್‌ಸ್ಟ್ರಾಮ್ ತ್ರಿಜ್ಯವನ್ನು ಮಕ್ಕಳ ಕೈಯಲ್ಲೇ ತೆಗೆಸುತ್ತೇನೆ. ಆಮೇಲೆ ಮೂರನೇ ಮಟ್ಟದಿಂದ ಎರಡಕ್ಕೆ ಇಳಿಸಿದರೆ 1.89 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 656 ನ್ಯಾನೊಮೀಟರ್. ಕಿಟಕಿ ಮುಚ್ಚಿ, ಹೈಡ್ರೋಜನ್ ಟ್ಯೂಬ್ ಹೊತ್ತಿಸಿ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗ್ರೇಟಿಂಗ್ ಇಟ್ಟು ಸ್ಪೆಕ್ಟ್ರೋಮೀಟರಿನ ದೂರದರ್ಶಕವನ್ನು ಮೆಲ್ಲಗೆ ತಿರುಗಿಸಿದರೆ ಕತ್ತಲಲ್ಲಿ ನೇರಳೆ, ನೀಲಿ-ಹಸಿರು, ಕೊನೆಗೆ ಕೂದಲೆಳೆಯಂಥ ಕೆಂಪು ಗೆರೆ. ನೋಟ್‌ಬುಕ್ಕಿನ 656 ಅದೇ.

ನೀವೂ ಈ ಲೆಕ್ಕ ಒಮ್ಮೆ ಸ್ವತಃ ಮಾಡಿ. ಆಮೇಲೆ ಹೀಲಿಯಂಗೆ ಬನ್ನಿ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂನಿಂದ ಉಳಿದದ್ದನ್ನೂ ಕೀಳಲು ಬೋರ್ ಸೂತ್ರ 54.4 ಎಲೆಕ್ಟ್ರಾನ್ ವೋಲ್ಟ್ ಕೊಡುತ್ತೆ, ಅಳತೆಗೂ ಅದು ಹೊಂದುತ್ತೆ. ಎರಡೂ ಎಲೆಕ್ಟ್ರಾನ್ ಇರುವ ಹೀಲಿಯಂನಿಂದ ಮೊದಲನೆಯದನ್ನು ಕೀಳಲು ಬೇಕಾಗುವುದು 24.6. ಇದನ್ನು ಬೋರ್ ದಾರಿಯಲ್ಲಿ ತೆಗೆಯಲು ಪ್ರಯತ್ನಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತೀರಿ ಅಂತ ಬರೆದಿಟ್ಟುಕೊಂಡು ಆಮೇಲೆ ಆರ್ಬಿಟಲ್ ಅಧ್ಯಾಯ ತೆಗೆಯಿರಿ.